ಅಣ್ಣಿ ಹೂ ತರಲು ಹೋದವಳು

ದೀಪಾವಳಿ ಪಾಡ್ಯದ ಬೆಳಿಗ್ಗೆ ಹಟ್ಟೆವ್ವನಿಗೆ ಅಣ್ಣಿ ಹೂ ಬೇಕೇ ಬೇಕು. ಅಂಗಳದಲ್ಲಿ ಸೆಗಣಿಯ ಗುಪ್ಪೆಗಳನ್ನೇ ಹಟ್ಟೆವ್ವ ದೇವಿಯೆಂದು ಇಟ್ಟು, ಅವುಗಳ ನೆತ್ತಿಗೆ ಆ ತೆನೆಯಂಥ ಗುಲಾಬಿ ಹೂ ಚುಚ್ಚದಿದ್ದರೆ ಚೊಳಚಗುಡ್ಡದಲ್ಲಿ ಅದೆಂಥ ಹಬ್ಬ? ತೊಗರಿ ಹೊಲದಲ್ಲಿ ಬೇಡವೆಂದರೂ ಬೆಳೆಯುವ ಕಳೆ ಅದು. ವರ್ಷವಿಡೀ ಬೈದು ಕಿತ್ತೆಸೆಯುವ ರಂಗವ್ವ ಈ ಒಂದು ದಿನ ಮಾತ್ರ ಅದಕ್ಕೆ ಕೈಮುಗಿಯುತ್ತಿದ್ದಳು.

"ನೇತ್ರಾ ಎಲ್ಲಿ?" ಸೆಗಣಿ ಕಲಸುತ್ತಲೇ ಸೊಸೆಯನ್ನು ಕೇಳಿದಳು.

"ಹೂ ತರಾಕ ಕಳಿಸೇನ್ರಿ ಅತ್ತಿ. ಹೊಲ ಇಲ್ಲೇ ಹಿತ್ತಲದಾಗ ಐತಲ್ರಿ," ಎಂದಳು ಅಂಜನಾ.

ರಂಗವ್ವನ ಕೈ ಸೆಗಣಿಯಲ್ಲೇ ನಿಂತಿತು. ನಿನ್ನೆ ಸಂಜೆ ಕುರಿ ಹೊಡೆದುಕೊಂಡು ಬರುವಾಗ ಅದೇ ಹೊಲದ ಬದುವಿನಲ್ಲಿ ತೋಳವನ್ನು ಕಣ್ಣಾರೆ ಕಂಡಿದ್ದಳು. ಚಳಿ ಬೀಳುವ ಈ ದಿನಗಳಲ್ಲಿ ಅದು ಗುಡ್ಡ ಇಳಿಯುವುದು ಹೊಸತೇನಲ್ಲ. ಬಂದು ಹೇಳಿದಳೇ? ಇಲ್ಲ. ಹಬ್ಬದಾಗ ಅದರ ಹೆಸರು ಹಿಡಿದರೆ ಹಿಂಡಿಗೆ ಕರೆದಂತೆ ಎಂದು ಸತ್ತ ಅತ್ತೆ ಕಲಿಸಿದ್ದಳಲ್ಲ, ತಾನೂ ಮಹಾ ಜಾಣೆಯಂತೆ ಬಾಯಿ ಹೊಲಿದುಕೊಂಡು ಮಲಗಿದ್ದಳು. ಕುರಿ ಉಳಿಸಿಕೊಳ್ಳಲು ಹೋಗಿ ಕೂಸನ್ನೇ ಕೊಟ್ಟೆನೇನೋ ಬೀರಪ್ಪಾ ಎಂದು ಸೆಗಣಿಗೈಯಲ್ಲೇ ಓಡಿದಳು.

ಆಳೆತ್ತರದ ತೊಗರಿ. ಎಷ್ಟು ಕೂಗಿದರೂ ಉತ್ತರವಿಲ್ಲ. ಎಲ್ಲೋ ಗಿಡ ಅಲುಗಿದರೆ ಅತ್ತಲೇ ನುಗ್ಗುತ್ತಿದ್ದಳು.

ಹೊಲದ ನಡುವೆ, ಲಂಗದ ತುಂಬ ಹೂ ತುಂಬಿಕೊಂಡು ಐದು ವರ್ಷದ ನೇತ್ರಾ ಕುಳಿತಿದ್ದಳು. ಕೈಯಲ್ಲಿದ್ದ ಅರ್ಧ ಹೋಳಿಗೆಯನ್ನು ಮುಂದೆ ಚಾಚಿದ್ದಳು. ಹತ್ತೇ ಹೆಜ್ಜೆ ಆಚೆ ತೋಳ ತಲೆ ತಗ್ಗಿಸಿ ನಿಂತಿತ್ತು.

"ಆಯಿ, ಈ ನಾಯಿ ಕರದ್ರ ಬರವಲ್ದು ನೋಡು," ಎಂದಿತು ಕೂಸು.

ರಂಗವ್ವ ಅವಳನ್ನು ಬಾಚಿ ಎತ್ತಿಕೊಂಡಳು. ತೋಳ ಒಂದು ಹೆಜ್ಜೆ ಮುಂದಿಟ್ಟಿತು. ಗಂಟಲಲ್ಲಿ ಸಿಕ್ಕಿಕೊಂಡಿದ್ದ ಆ ಹೆಸರು ಕೊನೆಗೂ ಹೊರಬಿತ್ತು. "ತೋಳ! ತೋಳ ಬಂದೈತ್ರೋ!"

ಸುತ್ತಲ ಹೊಲದವರು ಬಡಿಗೆ ಹಿಡಿದು ಓಡಿಬಂದರು. ಅಷ್ಟರಲ್ಲಿ ಅದು ಒಂದು ಎಲೆಯೂ ಸದ್ದಾಗದಂತೆ ಜಾರಿಹೋಗಿತ್ತು.

ಅಂಗಳದಲ್ಲಿ ಅಂಜನಾ ಮಗಳನ್ನು ಕಿತ್ತುಕೊಂಡು ಅಪ್ಪಿದಳು. "ಮೊದಲ ನೋಡಿದ್ರೇನ್ರಿ ನೀವು?"

"ನಿನ್ನೀನ ನೋಡಿದ್ದೆ," ಎಂದಳು ರಂಗವ್ವ. ಸೊಸೆ ಮಗಳನ್ನು ಕೆಳಗಿಳಿಸಿ, ಲಂಗಕ್ಕಂಟಿದ ಹೂ ಕೊಡವತೊಡಗಿದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ರಂಗವ್ವ ಮೊಮ್ಮಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತಳು.

"ಅದು ನಾಯಿ ಅಲ್ಲವ್ವಾ. ತೋಳ. ಅನ್ನು."

"ತೋಳ," ಎಂದು ನಕ್ಕಿತು ಕೂಸು.

ಹಟ್ಟಿಯಲ್ಲಿ ಕುರಿಯೊಂದು ಅರಚಿತು. ರಂಗವ್ವನ ಮೈಯೆಲ್ಲ ಮುಳ್ಳೆದ್ದಿತು.

"ಇನ್ನೊಮ್ಮೆ ಅನ್ನು," ಎಂದಳು.