ಮುದುಕಿ ಮಲಗುವ ಜಾಗ

ಹನ್ನೊಂದು ವರ್ಷಗಳಿಂದ ಆ ಹೆಣ್ಣು ಎಲ್ಕ್, ಬೇಟೆಗಾರ್ತಿ ಆರ್ಡಿತ್‌ಗೆ ಚಳ್ಳೆಹಣ್ಣು ತಿನ್ನಿಸುತ್ತಲೇ ಬಂದಿತ್ತು. ಎಡಗಿವಿ ಸೀಳಿದ, ಕುದುರೆಯಷ್ಟು ಎತ್ತರದ ಆ ಜಿಂಕೆಯನ್ನು ಮೊಂಟಾನಾದ ಆ ಕಣಿವೆಯವರೆಲ್ಲ ಮುದುಕಿ ಎಂದೇ ಕರೆಯುತ್ತಿದ್ದರು. ಕೊಂಬಿನ ಗಂಡುಗಳ ತಲೆಯನ್ನು ಗೋಡೆಗೆ ಏರಿಸುವವರು ಏರಿಸಿಕೊಳ್ಳಲಿ. ಮೂವತ್ತು ಎಲ್ಕ್‌ಗಳನ್ನು ಬೇಟೆಗಾರರ ಕಣ್ಣು ತಪ್ಪಿಸಿ ನಡೆಸುವ ಯಜಮಾನಿ ಇವಳೇ. ಇವತ್ತು ಬೇಟೆಯ ಕೊನೆಯ ದಿನ. ಮುಂದಿನ ತಿಂಗಳು ಆರ್ಡಿತ್‌ಳ ಮಂಡಿಗೆ ಆಪರೇಷನ್. ಅರವತ್ತೆಂಟರ ವಯಸ್ಸಿನಲ್ಲಿ ಮತ್ತೆ ಗುಡ್ಡ ಹತ್ತುವ ಮಾತನ್ನು ಡಾಕ್ಟರು ಎತ್ತಿಯೇ ಇರಲಿಲ್ಲ. ಮುದುಕಿಯನ್ನು ಗೆದ್ದರೆ ಇವತ್ತು ಗೆಲ್ಲಬೇಕು.

“ಹೆಜ್ಜೆ ಇನ್ನೂ ಹಸಿಯಾಗಿದೆ ಕಣೇ ಆರ್ಡಿ. ನೇರ ಕಾಡಿನೊಳಗೇ ಹೋಗಿದೆ,” ಎಂದ ತಮ್ಮ ವೆಂಡೆಲ್, ಕುದುರೆಗಳನ್ನು ಕಟ್ಟುತ್ತ.

“ಹೋಗಿರತ್ತೆ. ನಿನ್ನಂಥೋರು ಹಿಂದೆ ಬರ್ಲಿ ಅಂತಾನೇ ಅವಳು ಬಿಟ್ಟಿರೋದು.”

“ಹೆಜ್ಜೆ ಬಿಟ್ಟು ಇನ್ನು ಹೇಗೆ ಹುಡುಕ್ತೀಯ? ಮುದುಕಿ ಕನಸಲ್ಲಿ ಬಂದು ವಿಳಾಸ ಕೊಟ್ಟಳಾ?”

“ಹತ್ತು ವರ್ಷ ನೆಲ ನೋಡ್ಕೊಂಡು ನಡೆದೇ ನಾನು ಕೆಟ್ಟಿದ್ದು. ನೀನು ಇಲ್ಲೇ ಕೆಳಗಡೆ ಕಾಯಿ, ಪುಣ್ಯಾತ್ಮ. ಹಿಂಡು ಓಡಿ ಬಂದ್ರೆ ನಿಂಗೂ ಒಂದು ಸಿಗತ್ತೆ.”

ಹೆಜ್ಜೆ ಹಿಡಿದು ಹೋಗುವುದು ಆ ಕಣಿವೆಯ ಬೇಟೆಗಾರರೆಲ್ಲ ಮಾಡುವ ತಪ್ಪು. ಮುದುಕಿ ಕಾಡಿನೊಳಗೆ ನಡೆದು, ಆಮೇಲೆ ಬಳಸಿಕೊಂಡು ಹಿಂದೆ ಬಂದು, ತಾನು ಬಂದ ದಾರಿಯೇ ಕೆಳಗೆ ಕಾಣುವಂತೆ ದಿಬ್ಬದ ನೆತ್ತಿಗಿಂತ ತುಸು ಕೆಳಗೆ ಮಲಗುತ್ತಾಳೆ. ಬೆನ್ನ ಹಿಂದಿನಿಂದ ಬಂದವರ ವಾಸನೆಯನ್ನು ದಿಬ್ಬ ದಾಟಿ ಬರುವ ಗಾಳಿ ತಂದುಕೊಡುತ್ತದೆ. ಬಿಸಿಲೇರಿದ ಮೇಲೆ ಕಣಿವೆಯ ಗಾಳಿ ಮೇಲಕ್ಕೇರಿ ಕೆಳಗಿನವರ ಸುದ್ದಿ ಮುಟ್ಟಿಸುತ್ತದೆ. ಉಳಿದದ್ದು ಪಕ್ಕದ ದಾರಿಯೊಂದೇ. ಅಲ್ಲಿ ಹಳೆಯ ಕಾಡ್ಗಿಚ್ಚಿಗೆ ಉರುಳಿದ ಮರಗಳು ಒಂದರ ಮೇಲೊಂದು ಬಿದ್ದಿದ್ದವು. ಒಂದು ಕಡ್ಡಿ ಮುರಿದರೂ ಆಟ ಮುಗಿಯಿತು.

ಆರ್ಡಿತ್ ಬೂಟು ಕಳಚಿ ಉಣ್ಣೆಯ ಕಾಲುಚೀಲದಲ್ಲೇ ಆ ಮರಗಳ ರಾಶಿಗೆ ಇಳಿದಳು. ಪ್ರತಿ ದಿಮ್ಮಿಯ ಮೇಲೂ ಕುಳಿತು, ಬಗ್ಗದ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಆಚೆ ಇಟ್ಟಳು. ಇನ್ನೂರು ಹೆಜ್ಜೆಯ ದೂರಕ್ಕೆ ಮೂರು ಗಂಟೆ ಹಿಡಿಯಿತು. ಮಂಡಿ ಗಟ್ಟಿಯಿದ್ದ ಕಾಲದಲ್ಲಿ ಇಷ್ಟು ನಿಧಾನ ಅವಳಿಂದ ಆಗುತ್ತಲೇ ಇರಲಿಲ್ಲ.

ಕೊನೆಯ ದಿಮ್ಮಿಯ ಮೇಲಿಂದ ನೋಡಿದರೆ, ದೇವದಾರುಗಳ ನೆರಳಿನಲ್ಲಿ ಮುದುಕಿ ಮಲಗಿದ್ದಳು. ಮುಖ ಕೆಳಗಿನ ದಾರಿಯ ಕಡೆಗಿತ್ತು. ಆರ್ಡಿತ್‌ಳ ಎದೆ ಹೊಡೆದುಕೊಳ್ಳತೊಡಗಿತು. ಅದು ತಹಬದಿಗೆ ಬರುವವರೆಗೆ ಕಾದಳು. ಮುದುಕಿ ಎದ್ದು ನಿಂತಾಗ ಒಂದೇ ಗುಂಡು ಹಾರಿಸಿದಳು.

ಹಿಂಡು ದಿಗಿಲುಬಿದ್ದು ಇಳಿಜಾರಿಗೆ, ವೆಂಡೆಲ್ ಕಾಯುತ್ತಿದ್ದ ಕಡೆಗೇ ನುಗ್ಗಿತು. ಆಗ ಮೂರೋ ನಾಲ್ಕೋ ವರ್ಷದ ಒಂದು ಹೆಣ್ಣು ಎಲ್ಕ್ ಎಲ್ಲಕ್ಕೂ ಅಡ್ಡ ಓಡಿ ಬಂದು, ಎದೆ ಕೊಟ್ಟು ತಡೆದು, ಹಿಂಡನ್ನು ಮೇಲಿನ ದಟ್ಟ ಮರಗಳ ಕಡೆಗೆ ತಿರುಗಿಸಿತು. ನಾಲ್ಕು ಉಸಿರಿನೊಳಗೆ ಗುಡ್ಡ ಖಾಲಿಯಾಯಿತು.

ಆರ್ಡಿತ್ ಮುದುಕಿಯ ಬೆಚ್ಚಗಿನ ಕುತ್ತಿಗೆಯ ಮೇಲೆ ಕೈಯಿಟ್ಟು ಕೂತಳು. ಅಳು ಬಂತು, ತಡೆಯಲಿಲ್ಲ. ಇಂಥವಳನ್ನು ಗೆದ್ದೆನಲ್ಲ ಎಂಬ ಹೆಮ್ಮೆ ಎದೆ ತುಂಬಿತ್ತು. ಆ ಎಳೆಯವಳಿಗೆ ಕಲಿಸಬೇಕಾದದ್ದನ್ನೆಲ್ಲ ಕಲಿಸಿಯೇ ಹೋಗಿದ್ದಾಳಲ್ಲ ಎಂಬ ಹೆಮ್ಮೆ ಅದಕ್ಕಿಂತ ದೊಡ್ಡದಿತ್ತು.

ವೆಂಡೆಲ್ ಏದುಸಿರು ಬಿಡುತ್ತ ಹತ್ತಿ ಬಂದ. ಸೀಳಿದ ಕಿವಿ ನೋಡಿ ಟೋಪಿ ತೆಗೆದ.

“ಗೆದ್ದೆ ಬಿಡೇ, ಒಪ್ಪಿದೆ,” ಎಂದ. ಆಮೇಲೆ ಆಸೆ ತಡೆಯಲಾರದೆ ಕೇಳಿದ: “ಬೆಳಕು ಇನ್ನೂ ಒಂದು ಗಂಟೆ ಇರತ್ತೆ, ನನ್ನ ಬೇಟೆ ಪರ್ಮಿಟ್ಟೂ ಬಳಸದೆ ಹಾಗೇ ಇದೆ. ಉಳಿದವು ಎಲ್ಲಿಗೆ ಹೋಗಿರ್ತಾವೆ? ನಿಂಗೆ ಗೊತ್ತಿರತ್ತೆ.”

“ಗೊತ್ತು,” ಎಂದಳು ಆರ್ಡಿತ್, ಕಣ್ಣೊರೆಸಿಕೊಳ್ಳುತ್ತ. “ಆ ಹುಡುಗಿ ಯಜಮಾನಿಕೆ ಹಿಡಿದು ಇನ್ನೂ ಅರ್ಧ ಗಂಟೆ ಆಗಿಲ್ಲ ಕಣೋ. ಇವತ್ತೇ ನಾನು ಅವಳನ್ನ ಹಿಡಿದುಕೊಡ್ಲಾ? ಇವಳನ್ನ ಸುಲಿಯೋಕೆ ಚಾಕು ತೆಗಿ.”