ವಿಶ್ವೇಶ್ವರ ಹೆಗಡೆಯವರ ಕ್ಲಚ್ ಪ್ಲೇಟು

ವಾಚಕ ಮಹಾಶಯರೇ, ಯಂತ್ರದ ಬಳಿ ಸಂಶಯಕ್ಕೆ ಕೆಲಸವಿಲ್ಲವೆಂದು ತಾವು ನಂಬಿದ್ದರೆ, ಕಾನಸೂರಿನ ಈ ಶೆಡ್ಡಿನೊಳಗೆ ದಯಮಾಡಿ ಒಂದು ಗಳಿಗೆ ನಿಲ್ಲತಕ್ಕದ್ದು.

ಮೆಕ್ಯಾನಿಕ್ ಚನ್ನಬಸವ ಕ್ಲಚ್ ಪೆಡಲನ್ನು ಪೂರ್ತಿ ಅದುಮಿ ಗೇರು ಹಾಕಿದ. ಕರಕರ ಸದ್ದಾಯಿತೇ ಹೊರತು ಗೇರು ಬೀಳಲಿಲ್ಲ. ಅರವತ್ತೆರಡನೆಯ ಇಸವಿಯ ಫಿಯೆಟ್ಟು. ಮೂರು ತಿಂಗಳು ಹಿಡಿದು ಬಿಚ್ಚಿ ಕಟ್ಟಿದ ಎಂಜಿನ್ನು. ಕ್ಲಚ್ ಕೂರಿಸಿ ಎರಡು ದಿನವಾಗಿತ್ತು ಅಷ್ಟೆ.

ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕಾವಲಿದ್ದ ಮಾಲೀಕ ವಿಶ್ವೇಶ್ವರ ಹೆಗಡೆಯವರು ಎದ್ದು ಬಂದರು. "ನಾ ತಂದುಕೊಟ್ಟ ಹೊಸ ಪ್ಲೇಟೇ ಹಾಕಿದ್ಯೇನೋ ಮಾರಾಯಾ, ನಿನ್ನ ಚೀಲದ ಹಳೇದೋ?"

"ನಿಮ್ಮ ಕಣ್ಣೆದುರಿಗೇ ಹಾಕೀನಲ್ರೀ ಹೆಗಡೇರ."

"ಊಟದ ಹೊತ್ತಿಗೆ ನನ್ನ ಕಣ್ಣೂ ಊಟಕ್ಕೆ ಹೋಗಿತ್ತು. ಬಿಚ್ಚು. ನನ್ನ ಗುರುತು ನನಗೆ ಗೊತ್ತು."

"ಗುರುತು? ಎಂಥಾ ಗುರುತ್ರೀ?"

ಹೆಗಡೆಯವರು ಸ್ಟೂಲನ್ನು ಕಾರಿನ ಹತ್ತಿರಕ್ಕೇ ಎಳೆದುಕೊಂಡು ಕೂತರು. ಬನವಾಸಿಯಿಂದ ಯಲ್ಲಾಪುರದವರೆಗೆ ಮನೆಮನೆ ತಿರುಗಿ ಹಳೇ ಕಾರು ಕಟ್ಟುವ ಚನ್ನಬಸವನಿಗೆ ಅಂಗಡಿಯಿಲ್ಲ, ಬೋರ್ಡಿಲ್ಲ, ಇರುವುದು ಹೆಸರೊಂದೇ. ಸಾಮಾನು ಬದಲಾಯಿಸುವವನೆಂಬ ಮಾತು ಶಿರಸಿ ಪೇಟೆಗೆ ಮುಟ್ಟಿದರೆ ಮುಂದೆ ಕರೆಯುವವರಿಲ್ಲ. ಅವನ ತಲೆಯಲ್ಲೂ ಈಗ ಹುಳ ಹೊಕ್ಕಿತು. ಅಂದು ಪ್ಲೇಟನ್ನು ಎಂಜಿನ್ನಿನ ಫ್ಲೈವೀಲ್ ಚಕ್ರಕ್ಕೆ ಒರಗಿಸಿ, ನಡು ಸರಿಯಾಗಲೆಂದು ಹಳೇ ಶಾಫ್ಟಿನ ತುಂಡು ತೂರಿಸಿಟ್ಟು, ಬೋಲ್ಟು ಹಾಕುವ ಮೊದಲು ಊಟಕ್ಕೆಂದು ಕೈ ತೊಳೆಯಲು ಹೋಗಿದ್ದ. ಆಗ ಇಲ್ಲಿ ಯಾರಿದ್ದರು?

ಗೇರ್‌ಬಾಕ್ಸ್ ಇಳಿಸಿ, ಆರು ಬೋಲ್ಟುಗಳನ್ನೂ ಎದುರುಬದುರು ಸ್ವಲ್ಪಸ್ವಲ್ಪವೇ ಸಡಿಲಿಸಿದ. ಮೇಲಿಂದ ಅದುಮಿ ಹಿಡಿಯುವ ಪ್ರೆಶರ್ ಪ್ಲೇಟು ಕೈಗೆ ಬಂತು. ಕ್ಲಚ್ ಪ್ಲೇಟು ಮಾತ್ರ ಕಾವಲಿಗೆ ಹಿಡಿದ ದೋಸೆಯಂತೆ ಫ್ಲೈವೀಲಿಗೇ ಅಂಟಿತ್ತು. ಮೀಟಿ ಎಬ್ಬಿಸಿದ. ಒಳಮೈಯಲ್ಲಿ ದಪ್ಪ ಕೆಂಪು ಬಣ್ಣದಲ್ಲಿ 'ವಿ.ಹೆ.' ಎಂದಿತ್ತು, ಫ್ಲೈವೀಲಿನ ಮೇಲೆ ಅದೇ ಅಕ್ಷರಗಳು ತಿರುಗಾಮುರುಗಾ ಮೂಡಿದ್ದವು.

ಮಜ್ಜಿಗೆ ತಂದಿದ್ದ ದುರ್ಗಮ್ಮ ಬಗ್ಗಿ ನೋಡಿ ಗಂಡನತ್ತ ತಿರುಗಿದರು. "ಪಾತ್ರೆ ಮ್ಯಾಲೆ, ಅಡಿಕೆ ಚೀಲದ ಮ್ಯಾಲೆ ಬರದ್ದು ಸಾಲ್ದಾ? ಇದ್ರ ಹೊಟ್ಟೆಯೊಳಗೂ ಬರದ್ರಾ?"

"ಅಂವ ಕೈ ತೊಳೆಯಲೆ ಹೋದಾಗ, ಒಂದು ಗುರ್ತಿಗೆ ಹೇಳಿ..." ಹೆಗಡೆಯವರ ದನಿ ಇಳಿಯಿತು.

"ಹಸಿ ಬಣ್ಣರೀ ಅದು. ಒಣಗಿ ಹಿಡಕೊಂಡದ, ಪೆಡಲ್ ಒತ್ತಿದ್ರೂ ಪ್ಲೇಟು ಬಿಡವಲ್ದಾಗಿತ್ತು," ಎಂದಷ್ಟೇ ಹೇಳಿ ಚನ್ನಬಸವ ಫ್ಲೈವೀಲನ್ನು ಪೆಟ್ರೋಲಿನಿಂದ ಒರೆಸಿದ, ಪ್ಲೇಟಿನ ಅಕ್ಷರಗಳನ್ನು ಸ್ಯಾಂಡ್‌ಪೇಪರಿನಿಂದ ತೇಯ್ದು ತೆಗೆದ. ಮತ್ತೆ ಎಲ್ಲವನ್ನೂ ಕೂರಿಸಿ, ಪೆಡಲಿಗೆ ಒಂದಿಂಚು ಸಡಿಲ ಬಿಟ್ಟು, ಗೇರು ಹಾಕಿದ. ಸದ್ದಿಲ್ಲದೆ ಬಿತ್ತು.

"ಉಂಡುಕೊಂಡು ಹೋಗೋ," ಎಂದರು ಹೆಗಡೆಯವರು.

ಚನ್ನಬಸವ ಸ್ಪ್ಯಾನರುಗಳನ್ನು ಒಂದೊಂದಾಗಿ ಹೊರಳಿಸಿ ನೋಡಿ ಚೀಲಕ್ಕೆ ಹಾಕಿದ. ಆಮೇಲೆ ಚೀಲದ ಬಾಯಗಲಿಸಿ ಅವರ ಮುಂದೆ ಹಿಡಿದ. "ನೋಡಿಬಿಡ್ರಿ."

"ಏ, ಅದೆಲ್ಲ ಬೇಡ ಮಾರಾಯಾ," ಎಂದರು. ಆದರೂ ಅವರ ಕಣ್ಣು ಚೀಲದ ತಳಕ್ಕೆ ಹೋಗಿ ಬಂತು.

ಚೀಲವನ್ನು ಹೆಗಲಿಗೇರಿಸಿ ಅವನು ರಸ್ತೆಗೆ ಬಂದ. ಸಿದ್ದಾಪುರದ ಬಸ್ಸಿಗೆ ಕೈಯೆತ್ತಿದಾಗ, ಹೆಬ್ಬೆರಳಿನ ಕೆಂಪು ಇನ್ನೂ ಹೋಗಿರಲಿಲ್ಲ.