ಹೋಗಲಿ ಅಂತ ಬಿಟ್ಟ ಗಾಡಿಗಳು

ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ಬೆಳಗಿನ ಬೆಂಗಳೂರು ಗಾಡಿಗೆ ಸೀಟು ಹಿಡಿಯುವ ಕಷ್ಟ ಹಿಡಿದವರಿಗೇ ಗೊತ್ತು. ಗಾಡಿ ಇನ್ನೂ ಓಡುತ್ತಿರುವಾಗಲೇ ಗುಂಪಿನಲ್ಲಿ ಒಬ್ಬರು ಕಂಬಿ ಹಿಡಿದು ಒಳಗೆ ನೆಗೆಯಬೇಕು. ಸೀಟಿನ ಮೇಲೆ ಟವಲ್ಲೋ ವೇಲೋ ಎಸೆಯಬೇಕು. ಆಮೇಲೆ ಮಿಕ್ಕವರು ಮಹಾರಾಣಿಯರ ಹಾಗೆ ಬಂದು ಕೂರುತ್ತಾರೆ.

ಕೋರಮಂಡಲ್ ಕೇರಿಯ ಹೆಂಗಸರ ಗುಂಪಿಗೆ ನೆಗೆಯುವವಳು ಆಶಾರಾಣಿ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನೆಲ ಒರೆಸುವ ಕೆಲಸ ಅವಳದು. ಆದರೆ ಕೇರಿಯಲ್ಲಿ ಹೆಸರು ಬಂದದ್ದು ಸೀಟು ಹಿಡಿಯುವುದರಲ್ಲೇ.

ಹೋದ ವಾರ ಅವಳ ಕಾಲು ಜಾರಿತು. ಯಾರೋ ಪುಣ್ಯಾತ್ಮರು ರಟ್ಟೆ ಹಿಡಿದು ಎಳೆದರು. ಮನೆಯಲ್ಲಿ ಅವಳು ಬಾಯಿ ಬಿಡಲಿಲ್ಲ. ಸೋಮವಾರದಿಂದ ಮಗಳು ಸಹನಳೂ ಬಟ್ಟೆ ಫ್ಯಾಕ್ಟರಿ ಕೆಲಸಕ್ಕೆ ಅದೇ ಗಾಡಿ ಹತ್ತಬೇಕು. ನೆಗೆಯುವುದನ್ನು ಮಗಳಿಗೆ ಕಲಿಸಬೇಕೋ ಬೇಡವೋ? ಕಲಿಸಿದರೆ ಭಯ, ಕಲಿಸದಿದ್ದರೆ ಎರಡು ಗಂಟೆ ನಿಂತೇ ಹೋಗಬೇಕು. ಆಶಾರಾಣಿಯ ತಲೆ ಕೆಟ್ಟು ಗೊಬ್ಬರವಾಯಿತು.

ಕೊನೆಗೆ ಅವಳು ಮಾವನ ಹತ್ತಿರ ಹೋದಳು. ಮಾವ ಸೆಲ್ವರಾಜ್ ಸಾಮಾನ್ಯದವರಲ್ಲ. ಚಿನ್ನದ ಗಣಿ ಕೆಲಸಕ್ಕೆ ಸೇರುವ ಮೊದಲು, ಹರೆಯದಲ್ಲಿ, ಗೂಡ್ಸ್ ಗಾಡಿಗಳಲ್ಲಿ ಊರೂರು ಅಲೆದವರು. ಒಂದು ಕಡೆ ಕಬ್ಬು ಕಡಿದು, ಇನ್ನೊಂದು ಕಡೆ ಉಪ್ಪಿನ ಮೂಟೆ ಹೊತ್ತು ಬದುಕಿದವರು. ಓಡುವ ಗಾಡಿಗೆ ನೆಗೆದ ಆ ಕಥೆಗಳೆಂದರೆ ಕೇರಿಗೆಲ್ಲ ಪ್ರಾಣ.

"ಮಾವ, ನಮ್ ಸಹನಂಗೆ ನೆಗೆಯೋದು ಏಳ್ಕೊಡಿ. ನಿಮ್ಗಿಂತ ಗುರು ಯಾರವ್ರೆ?"

ಸೆಲ್ವರಾಜ್ ಅವಳ ಮುಖವನ್ನೇ ನೋಡಿದರು. "ನಾಳೆ ಸ್ಟೇಷನ್‌ಗೆ ಬನ್ನಿ, ಏಳ್ಕೊಡ್ತೀನಿ."

ಭಾನುವಾರ ಮೂವರೂ ಹೋದರು. ಅದೇ ಗುಂಪಿನಲ್ಲಿ ದಿನಾ ಓಡಾಡುವ ಪಕ್ಕದ ಮನೆಯ ಅಮ್ಮಾಜಮ್ಮನೂ ನೋಡಲು ಬಂದಳು. ಗಾಡಿ ಕೂಗುತ್ತಾ ಬಂತು. ಸಹನ ಚೂಡಿದಾರದ ವೇಲ್ ಸೊಂಟಕ್ಕೆ ಕಟ್ಟಿಕೊಂಡಳು.

"ಈಗ ನೆಗೀಲಾ, ತಾತ?"

"ಇರು."

ಬಾಗಿಲುಗಳು ಒಂದೊಂದಾಗಿ ಮುಂದೆ ಹೋದವು. "ಈಗ?"

"ಇರಮ್ಮ, ಅಂದೆ."

ಗಾಡಿ ಕಿರ್ರೆಂದು ನಿಂತಿತು. "ಈಗ ಗಾಡಿ ಅತ್ತು," ಎಂದರು ತಾತ.

ಆಶಾರಾಣಿಗೆ ಏನೂ ಅರ್ಥವಾಗಲಿಲ್ಲ. "ನಿಂತ್ಮೇಲೆ ಅತ್ತೋಕೆ ಗುರು ಯಾಕೆ ಬೇಕು ಮಾವ? ಕುರಿನೂ ಅತ್ತುತ್ತೆ!"

"ಇಷ್ಟೇ ಕಣಮ್ಮ ವಿದ್ಯೆ. ಆವಾಗ ಎಂಜಿನ್ ನೀರು ಕುಡಿಯೋಕೆ ನಿಲ್ತಿತ್ತು. ನಾನು ಅಲ್ಲೇ ಕಾದು ಅತ್ತುತಿದ್ದೆ. ಟಿಕೆಟ್ ಇಲ್ದೆ ಓಗಿದ್ದು ತಪ್ಪೇ, ಅದನ್ನ ಕಲೀಬೇಡಿ. ಆದ್ರೆ ಓಡೋ ಗಾಡಿನ ನಾನು ಒಂದು ದಿನಾನೂ ಮುಟ್ಟಿಲ್ಲ. ಓಗ್ಲಿ ಅಂತ ಎಷ್ಟು ಗಾಡಿ ಬಿಟ್ಟಿದೀನೋ!"

"ಮತ್ತೆ ನೆಗೆದ ಕಥೆಗಳು?" ಅಮ್ಮಾಜಮ್ಮ ಗಲ್ಲದ ಮೇಲೆ ಕೈಯಿಟ್ಟಳು.

ಮುದುಕನ ದನಿ ಇಳಿಯಿತು. "ಅವು ಕುಪ್ಪುಸ್ವಾಮಿ ಕಥೆ. ನನ್ನ ಜೊತೆಗಾರ. ಏನು ನೆಗೀತಿದ್ದ ಅಂತೀಯ! ಒಂದು ದಿನ ಗಾಡಿ ಮೆಲ್ಲಗೆ ಬಂತು. ಮೆಲ್ಲಗೆ ಬರೋದೇ ಮೋಸ ಮಾಡೋದು, ಅಮ್ಮ. ಇದ್ಯಾವ ಲೆಕ್ಕ ಅಂತ ಕೈ ಹಾಕ್ದ. ಕಾಲು ಸಂದಿಗೆ ಓಯ್ತು." ಅವರು ಟವಲಿನಿಂದ ಕಣ್ಣೊರೆಸಿಕೊಂಡರು. "ಅವನು ಸತ್ತಿದ್ದು ಏಳಿದ್ರೆ ಯಾರೂ ಕೇಳಲ್ಲ. ನೆಗೆದಿದ್ದು ಮಾತ್ರ ಏಳು ಅಂತೀರ."

ಆಶಾರಾಣಿ ಸಹನಳನ್ನು ತಬ್ಬಿಕೊಂಡು, ಹೋದ ವಾರ ನಡೆದದ್ದನ್ನು ಅಲ್ಲೇ ಹೇಳಿಬಿಟ್ಟಳು. ಸಹನ ಕಣ್ಣೀರು ಹಾಕಿದಳು, ಆಮೇಲೆ ಅಮ್ಮನಿಗೆ ಬೈದಳು.

"ಅದೆಲ್ಲ ಸರಿ ಕಣೆ, ನನ್ ಮಂಡಿ ನೋವಿಗೆ ಸೀಟು?" ಅಮ್ಮಾಜಮ್ಮನದು ಅದೇ ಚಿಂತೆ.

"ಇದ್ದ ಸೀಟಲ್ಲಿ ನೀನು ಕೂತ್ಕೋ ಅಕ್ಕ. ಮಿಕ್ಕೋರು ಸರದಿ ಮೇಲೆ ಕೂರೋಣ. ಇಲ್ಲಾಂದ್ರೆ ನಿಂತ್ಕೊಂಡೇ ಓಗೋಣ, ಕಾಲು ಇರುತ್ತಲ್ಲ," ಎಂದಳು ಆಶಾರಾಣಿ.

ಅಮ್ಮಾಜಮ್ಮ ಗೊಣಗಿದಳು, ಆದರೂ ತಲೆ ಆಡಿಸಿದಳು.

ಸೋಮವಾರ ಗಾಡಿ ಬಂತು. ಎಂದಿನ ಹಾಗೆ ಟವಲ್ಲುಗಳು ಹಾರಿದವು. ಆಶಾರಾಣಿಯ ಕೈ ಅಭ್ಯಾಸಬಲದಿಂದ ಮುಂದೆ ಹೋಯಿತು. ಸಹನ ಅಮ್ಮನ ಸೆರಗು ಹಿಡಿದೆಳೆದಳು. "ಅಮ್ಮ, ಇರು." ಗಾಡಿ ನಿಂತ ಮೇಲೆ ಎಲ್ಲರೂ ಹತ್ತಿದರು. ಅಮ್ಮಾಜಮ್ಮನಿಗೊಂದು ಸೀಟು ಸಿಕ್ಕಿತು, ಮಿಕ್ಕವರು ಬಂಗಾರಪೇಟೆ ದಾಟಿದರೂ ನಿಂತೇ ಇದ್ದರು. ಆಶಾರಾಣಿಗೆ ಕಾಲು ನೋಯುತ್ತಿತ್ತು. ಎರಡೂ ಕಾಲು ನೋಯುತ್ತಿವೆಯಲ್ಲ ಎಂದು ಅವಳಿಗೆ ಸಮಾಧಾನವೇ ಆಯಿತು.

ಅಕ್ಕಂದಿರೇ, ಅಣ್ಣಂದಿರೇ, ನಾಳೆ ನೀವೂ ಅದೇ ಪ್ಲಾಟ್‌ಫಾರಂನಲ್ಲಿ ನಿಂತಿರುತ್ತೀರಿ. ಗಾಡಿ ಮೆಲ್ಲಗೆ ಬರುತ್ತಿರುತ್ತದೆ, ಕೈ ಮುಂದೆ ಹೋಗುತ್ತದೆ. ಪಕ್ಕದಲ್ಲಿರುವವರ ಸೆರಗನ್ನೋ ತೋಳನ್ನೋ ಹಿಡಿದುಕೊಳ್ಳಿ, "ಇರು" ಅನ್ನಿ. ಗಾಡಿ ಪೂರ್ತಿ ನಿಂತ ಮೇಲೆ ಹತ್ತಿ, ನಿಂತ ಮೇಲೆ ಇಳಿಯಿರಿ. ಸಂಜೆ ಮನೆಯವರು ನಿಮ್ಮ ದಾರಿ ಕಾಯುತ್ತಿರುತ್ತಾರೆ, ನೀವು ಕೂತು ಬಂದಿರೋ ನಿಂತು ಬಂದಿರೋ ಅಂತ ಅವರೇನೂ ಕೇಳುವುದಿಲ್ಲ.